ಗಂಗಿ ಗುಳಗಿ ಮತ್ತು ನಿಂಬೆವ್ವನ ಓಣಿ

ಬಣಗಾರಹಟ್ಟಿಯಲ್ಲಿ ಯಾರಿಗಾದರೂ ಗುಟ್ಟು ಹೇಳಬೇಕೆಂದರೆ ಊರು ಬಿಟ್ಟು ಹೊಳೆಯ ದಂಡೆಗೇ ಹೋಗಬೇಕು. ಊರೊಳಗೆ ಮನೆಗೊಂದರಂತೆ, ಮನೆ ದೊಡ್ಡದಿದ್ದರೆ ಕೋಣೆಗೊಂದರಂತೆ ಪವರ್‌ಲೂಮ್ ಮಗ್ಗಗಳು. ಅವುಗಳ ಖಟಖಟ ಸಪ್ಪಳದಲ್ಲಿ ಗುಟ್ಟು ಹಾಗಿರಲಿ, ಬೈಗುಳ ಕೂಡ ಅರ್ಧ ದಾರಿಯಲ್ಲಿ ಬಿದ್ದುಹೋಗುತ್ತದೆ. ಅಲ್ಲಿಯ ಕಾಗೆಗಳು ಜಮಖಂಡಿಗೆ ಹೋಗಿ ಕೂಗಿದರೆ ಜಮಖಂಡಿಯ ಕಾಗೆಗಳು ಹೆದರಿ ಮರ ಖಾಲಿ ಮಾಡುತ್ತವೆ ಎಂಬ ಮಾತಿದೆ. ಜಮಖಂಡಿಯವರು ಇದನ್ನು ಒಪ್ಪುವುದಿಲ್ಲ. ಆದರೆ ಅವರಲ್ಲಿ ಕೆಲವು ಮರ ಖಾಲಿ ಇರುವುದಂತೂ ಸುಳ್ಳಲ್ಲ.

ಹೀಗಾಗಿ ಊರಿನವರು ಬಾಯಿಯ ಜೊತೆಗೆ ಕೈಯನ್ನೂ ಮಾತಿಗೆ ಹಚ್ಚಿದ್ದರು. ಎರಡು ಬೆರಳು ತುಟಿಗೆ ಮುಟ್ಟಿಸಿದರೆ ಚಹಾ. ಅಂಗೈ ಮಗುಚಿದರೆ ಎಳೆ ಹರಿದಿದೆ. ಹುಬ್ಬು ಏರಿಸಿ ಮೂಗು ಕಿವುಚಿದರೆ ಬೀಗರು ಬಂದಿದ್ದಾರೆ, ಬೇಗ ಹೋಗುವ ಲಕ್ಷಣವಿಲ್ಲ. ಎದುರಿಗಿದ್ದವನ ತುಟಿ ಅಲ್ಲಾಡುವ ಮೊದಲೇ ಮಾತು ತಿಳಿಯುವ ಜನ ಅವರು.

ಈ ಊರಿನ ನಿಂಬೆವ್ವನ ಓಣಿಯಲ್ಲಿ ಹುಟ್ಟಿದವಳು ಗಂಗಾಂಬಿಕಾ. ಧಾರವಾಡದ ಒಂದು ಔಷಧ ಸಂಶೋಧನಾ ಕೇಂದ್ರದಲ್ಲಿ ದೊಡ್ಡ ವಿಜ್ಞಾನಿ. ಊರಿನಲ್ಲಿ ಮಾತ್ರ ಗಂಗಿ. ಆಕೆಯ ಹೆಸರು ವಿಲಾಯತಿಯ ಪತ್ರಿಕೆಯಲ್ಲಿ ಬಂದಾಗಲೂ ಚಿಗವ್ವ ದಾನವ್ವ, "ನಮ್ಮ ಗಂಗಿ ಸಣ್ಣಾಕಿದ್ದಾಗ ಸುಣ್ಣ ತಿಂತಿದ್ಲು, ಅದಕ ಬುದ್ಧಿ ಗಟ್ಟಿ ಆಗೇತಿ" ಎಂದಷ್ಟೇ ಹೇಳಿ ಆ ವಿಷಯ ಮುಗಿಸಿದ್ದಳು.

ಆ ಕಾಲದಲ್ಲಿ ರೋಗಾಣುಗಳಿಗೆ ಸುಗ್ಗಿಯೋ ಸುಗ್ಗಿ. ಮನುಷ್ಯ ನೂರು ವರ್ಷ ಕಷ್ಟಪಟ್ಟು ಹುಡುಕಿದ ಔಷಧಿಗಳನ್ನೆಲ್ಲ ಅವು ಚುರುಮುರಿಯ ಹಾಗೆ ಮುಕ್ಕಿ ಅರಗಿಸಿಕೊಂಡಿದ್ದವು. ಅದರಲ್ಲೂ ಕ್ಷಯಕ್ಕೆ ಹತ್ತಿಯ ಧೂಳು ಕುಡಿದ ನೇಕಾರರ ಎದೆಯೆಂದರೆ ತವರುಮನೆ. ಬಣಗಾರಹಟ್ಟಿಯಲ್ಲಿ ಅದು ಮನೆಮನೆಗೂ ಬಂದು ಕೂತಿತ್ತು. ಆಗ ಗಂಗಾಂಬಿಕಾ ಒಂದು ಹೊಸ ಪುಟ್ಟ ಅಣುವನ್ನು ಕಟ್ಟಿದಳು. ಅದಕ್ಕೆ ಕೇಂದ್ರದವರು ಇಟ್ಟ ಹೆಸರು ಉಚ್ಚರಿಸಲು ಹೋಗಿ ಒಬ್ಬ ಮಂತ್ರಿ ಕೃತಕ ಹಲ್ಲು ಕಳೆದುಕೊಂಡರಂತೆ. ಊರಿನವರು ಅಷ್ಟು ಕಷ್ಟಪಡದೆ ಅದನ್ನು 'ಗಂಗಿ ಗುಳಗಿ' ಎಂದರು.

ಗುಳಿಗೆ ಕೊಡುವ ಮೊದಲು ಚೌಡವ್ವನ ಗುಡಿಯ ಕಟ್ಟೆಯ ಮೇಲೆ ನಿಂತು ಗಂಗಾಂಬಿಕಾ ಎಲ್ಲವನ್ನೂ ತಿಳಿಸಿ ಹೇಳಿದಳು.

"ರೋಗಾಣು ಹೊಟ್ಟ್ಯಾಗೂ ಮಗ್ಗ ಅದಾವು. ಅದಕ್ಕ ಬೇಕಾದ ಪ್ರೋಟೀನೆಲ್ಲಾ ಆ ಮಗ್ಗದಾಗ ನೇಯತೈತಿ. ನಮ್ಮ ಮಗ್ಗ ಕಬ್ಬಿಣದ್ದು. ಅದರ ಮಗ್ಗ ಎಳೀದು. ಆರ್‌ಎನ್‌ಎ ಅಂತ ಒಂದ ಎಳಿ, ತನ್ನ ಮ್ಯಾಲ ತಾನ ಮಡಚಿ, ಸುತ್ತಿ, ಗಂಟು ಹಾಕ್ಕೊಂಡು ಮಗ್ಗ ಆಗಿರತೈತಿ. ಆ ಮಡಕಿನ್ಯಾಗ ಸಣ್ಣ ಸಣ್ಣ ಸಂದಿ ಇರತಾವು. ನಮ್ಮ ಗುಳಗಿ ಒಂದ ಸಂದ್ಯಾಗ ಹೋಗಿ ಕುಂಡರತೈತಿ."

"ಅಂದ್ರ ಮಗ್ಗ ಮುರೀತೈತೇನು?" ಎಂದಳು ಮುಂದಿನ ಸಾಲಿನಲ್ಲಿದ್ದ ದಾನವ್ವ.

"ಮುರಿಯೂದಿಲ್ಲ ಚಿಗವ್ವ. ಮಗ್ಗ ನಡೀತಿರತೈತಿ, ಬಟ್ಟಿ ತಪ್ಪ ಬರತೈತಿ. ಆ ತಪ್ಪ ಬಟ್ಟಿ ಉಟಗೊಂಡು ರೋಗಾಣು ಸಾಯತೈತಿ."

"ಅದೆಂಥಾ ನಾಜೂಕಿನ ರೋಗಾಣು ಐತವಾ! ನಿಮ್ಮ ಕಾಕಾ ತಪ್ಪ ನೇಯ್ದ ಸೀರಿ ಉಟಗೊಂಡು ನಾ ಇಷ್ಟ ವರ್ಷ ಬದುಕಿಲ್ಲೇನು?"

ಕಟ್ಟೆಯ ಸುತ್ತ ನಗೆ ಎದ್ದಿತು. ದಾನವ್ವನ ಗಂಡ ಮುರಿಗೆಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಇಳಕಲ್ಲಿನಿಂದ ಮನೆ ಅಳಿಯನಾಗಿ ಬಂದವನಿಗೆ ಅದೊಂದು ಅಭ್ಯಾಸವಾಗಿಬಿಟ್ಟಿತ್ತು.

ನಗು ಇಳಿದ ಮೇಲೆ ಗಂಗಾಂಬಿಕಾ ಇನ್ನೊಂದು ಮಾತು ಹೇಳಿದಳು. ಈ ಜಾತಿಯ ಔಷಧಿಗಳಿಗೆ ಹಿಂದಿನಿಂದಲೂ ಒಂದು ಕೆಟ್ಟ ಚಾಳಿ ಇದೆ. ಕೆಲವರ ಕಿವಿ ತೆಗೆಯುತ್ತವೆ. ಇದಕ್ಕೆ ಆ ಚಾಳಿ ಇರದ ಹಾಗೆ ಕಟ್ಟಿದ್ದೇವೆ. ಆದರೂ ಮೊದಲು ಹಿರಿಯರಿಗೆ ಕೊಟ್ಟು ನೋಡುತ್ತೇವೆ, ಆಮೇಲೆ ಎಳೆಯರಿಗೆ. ಪಂಕ್ತಿಯಲ್ಲಿ ಮೊದಲು ಹಿರಿಯರಿಗೆ ಬಡಿಸುವ ಊರಿಗೆ ಇದು ಸರಿಯಾಗಿಯೇ ಕಂಡಿತು.

"ಹಿರ್ಯಾರ ಕಿವಿ ಒಂಚೂರು ಬಿದ್ದರೂ ಗುಳಗಿ ಅಲ್ಲಿಗೇ ನಿಲ್ಲಸ್ತೀನಿ. ಎರಡನೇ ಸುತ್ತು ಇರೂದಿಲ್ಲ. ತಿಳೀತಿಲ್ಲೋ?"

ಎಲ್ಲರೂ ಗೋಣು ಹಾಕಿದರು. ಚೆನ್ನಾಗಿಯೇ ತಿಳಿದಿತ್ತು.

ಕಿವಿ ಪರೀಕ್ಷೆಗೆಂದು ವಿಜಯಪುರದಿಂದ ಹಸೀನಾ ಎಂಬ ಹುಡುಗಿ ಒಂದು ವ್ಯಾನು ತಂದಳು. ವ್ಯಾನಿನೊಳಗೆ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಕೂತವರ ಕಿವಿಗೆ ಯಂತ್ರ ಹಚ್ಚಿ, ಹೊರಗಿನಿಂದ ಹಸೀನಾ ಗುಂಡಿ ಒತ್ತುತ್ತಾಳೆ. ಸಪ್ಪಳ ಕೇಳಿದವರು ಬೆರಳು ಎತ್ತಬೇಕು. ತಿಂಗಳು ತಿಂಗಳು ಹಿರಿಯರು ಮದುವೆಗೆ ಹೊರಟವರ ಹಾಗೆ ಒಳ್ಳೆಯ ಬಟ್ಟೆ ಉಟ್ಟು ಬಂದು, ಬೆರಳು ಎತ್ತಿ, ಹಸೀನಾಳ ಕೈಯಲ್ಲಿ ಒಂದು ಉಂಡೆ ಇಟ್ಟು ಹೋದರು. ಕೆಮ್ಮು ಕಡಿಮೆಯಾಯಿತು. ಕಫದಲ್ಲಿ ರೋಗಾಣು ಸಿಗದಾಯಿತು. ಮಸಣದ ದಾರಿಯಲ್ಲಿ ಹುಲ್ಲು ಬೆಳೆಯಿತು.

ಧಾರವಾಡದ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಫಲಿತಾಂಶಗಳು ಗೋಡೆಯಷ್ಟಗಲದ ಪರದೆಯ ಮೇಲೆ ಬರುತ್ತಿದ್ದವು. ಅಲ್ಲಿಯ ನಿರ್ದೇಶಕ ವಾದಿರಾಜ ಗಲಗಲಿಯವರು ಚಹಾ ಮುಗಿಯುವ ತನಕ ಯಾವ ಅಭಿಪ್ರಾಯವನ್ನೂ ಹೇಳುವವರಲ್ಲ. ಅಂದು ಚಹಾ ಮುಗಿಸಿ, ಕಪ್ಪಿನ ತಳ ನೋಡಿ, ಹೇಳಿದರು:

"ಗಂಗಾಂಬಿಕಾ, ಒಬ್ಬರದೂ ಕಿವಿ ಬಿದ್ದಿಲ್ಲ. ನಾಲ್ಕು ಮಂದೀದು ಸುಧಾರಿಸೇದ. ವಯಸ್ಸಾದಂಗ ಕಿವಿ ಚುರುಕಾಗೋ ಊರು ನಾ ಇದ ಮೊದಲ ಸಲ ನೋಡಲಿಕ್ಕತ್ತದ್ದು."

"ಕೆಮ್ಮು ಹೋಗಿ ಮೂಗು-ಕಿವಿ ಬಿಚ್ಚಿರಬೇಕ್ರಿ ಸರ."

"ಇರಬೇಕು," ಎಂದರು ಗಲಗಲಿ. ಆ 'ಇರಬೇಕು'ವಿನ ಬಾಲ ಸ್ವಲ್ಪ ಉದ್ದವಿತ್ತು. ಗಂಗಾಂಬಿಕಾ ಅದನ್ನು ಹಿಡಿಯಲು ಹೋಗಲಿಲ್ಲ. ಹಿಂದಿನ ಸಲ ಊರಿಗೆ ಹೋಗಿದ್ದಾಗ ಕುಕ್ಕರು ಕೂಗಿ ಕೂಗಿ ಬೇಳೆ ತಳ ಹಿಡಿದಿತ್ತು. ಪಕ್ಕದಲ್ಲೇ ಮೆಂತ್ಯ ಸೋಸುತ್ತ ಕೂತಿದ್ದ ಚಿಗವ್ವ ತಲೆ ಎತ್ತಿರಲಿಲ್ಲ. ಆ ದೃಶ್ಯ ಆಕೆಯ ಕಣ್ಣ ಮುಂದೆ ಒಮ್ಮೆ ಬಂತು. 'ಸ್ವಭಾವತಃ ಗಮನ ಕಡಿಮೆ' ಎಂದು ತನಗೆ ತಾನೇ ಹೇಳಿಕೊಂಡಳು. ದಾನವ್ವನ ಬಗ್ಗೆ ಅಂಥ ಆರೋಪವನ್ನು ಅವಳ ವೈರಿಗಳೂ ಮಾಡಿರಲಿಲ್ಲ. ಗಂಗಾಂಬಿಕಾ ಎರಡನೇ ಸುತ್ತಿಗೆ ಸಹಿ ಮಾಡಿದಳು.

ಎರಡನೇ ಸುತ್ತಿನಲ್ಲಿ ಮೊದಲ ಪಾಳಿ ದಾನವ್ವನ ಮಗಳು ಸುಮಂಗಲಾಳದು.

ಸುಮಂಗಲಾ ಊರಿನ ಜಾಬರ್. ಅಂದರೆ ಮಗ್ಗ ಕೆಟ್ಟರೆ ಸರಿಮಾಡುವವಳು. ಗಂಡಸರೇ ಮಾಡುವ ಕೆಲಸ ಅದು. ಇವಳು ಬೋಲ್ಟು ಬಿಗಿಯುವ ಪಾನಾ ಹಿಡಿದು ನಿಂತ ಮೇಲೆ ಉಳಿದ ಜಾಬರ್‌ಗಳು ಹೊಟ್ಟೆಪಾಡಿಗೆ ಮುಧೋಳದ ಕಡೆ ಹೋದರು. ನಲವತ್ತು ಮಗ್ಗಗಳ ನಡುವೆ ನಿಂತು, ಕಣ್ಣು ಮುಚ್ಚಿ, "ಆ ಮೂಲ್ಯಾಗಿಂದು, ಎಡಗಡೆ ಬೋಲ್ಟು" ಎನ್ನುತ್ತಿದ್ದಳು. ಬೇರೆಯವರಿಗೆ ಗದ್ದಲ ಕೇಳುವಲ್ಲಿ ಆಕೆಗೆ ಒಂದೊಂದು ಮಗ್ಗದ ದೂರು ಬೇರೆ ಬೇರೆಯಾಗಿ ಕೇಳುತ್ತಿತ್ತು. ಈಗ ಆರು ತಿಂಗಳಿಂದ ಕೆಮ್ಮು. ಪಾನಾ ಎತ್ತಿದರೆ ಉಸಿರು ಸಿಗುತ್ತಿರಲಿಲ್ಲ.

ಗುಳಿಗೆಯ ಪೆಟ್ಟಿಗೆ ಹಿಡಿದು ಗಂಗಾಂಬಿಕಾ ಓಣಿಗೆ ಬಂದಾಗ ಮಟಮಟ ಮಧ್ಯಾಹ್ನ. ಮುರಿಗೆಪ್ಪ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ. ದಾನವ್ವ ಬಾಗಿಲಲ್ಲಿ ನಿಂತು ಎದುರು ಮನೆಯ ಕಲಾವತಿಯ ಜೊತೆ ಓಣಿ ಅಡ್ಡ ಮಾತಾಡುತ್ತಿದ್ದಳು. ಅಂದರೆ ಇಬ್ಬರೂ ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದರು. ಅಲ್ಲಿ ಅದಕ್ಕೇ ಮಾತು ಎನ್ನುತ್ತಾರೆ.

ಆಗ ಕರೆಂಟು ಹೋಯಿತು.

ಕರೆಂಟು ಹೋದಾಗ ಬಣಗಾರಹಟ್ಟಿಯಲ್ಲಿ ಏನಾಗುತ್ತದೆ ಎಂದು ನೋಡಿದವರಿಗೇ ಗೊತ್ತು. ಸಾವಿರ ಮಗ್ಗ ಒಟ್ಟಿಗೆ ನಿಲ್ಲುತ್ತವೆ. ಮೌನ ಎಂಬುದು ಗೋಡೆಯ ಹಾಗೆ ದಬಕ್ಕನೆ ಬೀಳುತ್ತದೆ. ಆ ಕ್ಷಣದಲ್ಲಿ ಊರಿಗೆ ಊರೇ ದನಿ ಇಳಿಸುತ್ತದೆ. ಯಾರೂ ಯೋಚಿಸಿ ಮಾಡುವುದಿಲ್ಲ. ಬಿಸಿ ತಟ್ಟಿದ ಕೈ ಹಿಂದೆ ಬರುವ ಹಾಗೆ ಅದು. ಒಂದೂವರೆ ವರ್ಷದ ಕೂಸು ಕೂಡ ಅಳುತ್ತಿದ್ದದ್ದು ಬಿಟ್ಟು ಬಿಕ್ಕುತ್ತದೆ.

ಕಲಾವತಿ ದನಿ ಇಳಿಸಿದಳು. ಮುರಿಗೆಪ್ಪ ಕೆಮ್ಮನ್ನೂ ಇಳಿಸಿದ. ದಾನವ್ವ ಮಾತ್ರ ಅದೇ ಎತ್ತರದಲ್ಲಿ ಮುಂದುವರಿದಳು.

"ಶೇಖಪ್ಪನ ಸೊಸಿ ಹಾಲಿಗೆ ನೀರ ಕೂಡಸ್ತಾಳಂತ ಹೇಳಬ್ಯಾಡಾ! ಆಕಿ ನೀರಿಗೆ ಹಾಲ ಕೂಡಸ್ತಾಳ!"

ಓಣಿಯ ತುದಿಯಲ್ಲಿ ಹಾಲಿನ ಕ್ಯಾನು ಹಿಡಿದು ನಿಂತಿದ್ದ ಶೇಖಪ್ಪನ ಸೊಸೆಯ ಮುಖ ಕೆಂಪಾಯಿತು. ಗಂಗಾಂಬಿಕಾಳಿಗೆ ನಗು ಒತ್ತಿ ಬಂತು. ಅಷ್ಟರಲ್ಲಿ ಮೂರನೇ ಮನೆಯ ಪಡಸಾಲೆಯಿಂದ ಇನ್ನೊಂದು ಮುದುಕಿಯ ದನಿ, ದೇವರ ಮುಂದೆ ಗುಟ್ಟಾಗಿ ಬೇಡಿಕೊಳ್ಳುತ್ತಿರುವಂಥದ್ದು, ಇಡೀ ಊರಿಗೆ ಕೇಳುವ ಹಾಗೆ: "ಚೌಡವ್ವಾ, ಈ ಸಲ ಹಿರೇ ಮಗಗ ಬ್ಯಾಡ, ಸಣ್ಣಾಂವಗ ಬುದ್ಧಿ ಕೊಡು!" ಅದರಾಚೆಯಿಂದ ಮತ್ತೊಬ್ಬಳು. ಹಿತ್ತಿಲಿನಿಂದ ಒಬ್ಬ ಮುದುಕ. ಸತ್ತಂತಿದ್ದ ಮೌನದಲ್ಲಿ ಆರೇಳು ದನಿಗಳು ಇಲ್ಲದ ಮಗ್ಗಗಳ ಮೇಲೆ ಕಿರುಚುತ್ತಿದ್ದವು. ಎಲ್ಲರೂ ಹಿರಿಯರು. ಎಲ್ಲರೂ ಮೊದಲ ಸುತ್ತಿನವರು.

ಗಂಗಾಂಬಿಕಾ ನಗುವುದು ಬಿಟ್ಟು ಆ ದನಿಗಳನ್ನು ಒಂದೊಂದಾಗಿ ಎಣಿಸತೊಡಗಿದಳು.

ಮುರಿಗೆಪ್ಪ ಹೆಂಡತಿಗೆ ಅಂಗೈ ಕೆಳಗೆ ಮಾಡಿ ಸನ್ನೆ ಮಾಡುತ್ತಿದ್ದ: ಇಳಿಸು, ಇಳಿಸು. ಗಂಗಾಂಬಿಕಾ ತನ್ನನ್ನೇ ನೋಡುತ್ತಿದ್ದಾಳೆಂದು ತಿಳಿದು ಅವನ ಕೈ ಗಾಳಿಯಲ್ಲೇ ನಿಂತಿತು.

ದಾನವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಗಂಗಾಂಬಿಕಾ ಅವಳ ಬೆನ್ನ ಹಿಂದೆ ನಿಂತಳು.

"ಚಿಗವ್ವ."

ರೊಟ್ಟಿ ತಿರುಗಿತು.

"ಚಿಗವ್ವ, ನಿನ್ನ ಸೆರಗಿಗೆ ಬೆಂಕಿ ಹತ್ತೇತಿ."

ದಾನವ್ವ ನಿಧಾನಕ್ಕೆ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು.

"ಸಾಕು ಬಿಡವಾ ಗಂಗಾ," ಎಂದ ಮುರಿಗೆಪ್ಪ ಬಾಗಿಲಿನಿಂದ. "ಆಕಿಗೆ ಕೇಳೂದಿಲ್ಲ. ನನಗ ಕೇಳತೈತಿ. ನಾನೂ ಅದ ಗುಳಗಿ ತಿಂದೀನಿ, ನನಗೇನೂ ಆಗಿಲ್ಲ. ಯಾಕ ಅಂತ ನನಗ ತಿಳಿವಲ್ದು. ನಿಂಬೆವ್ವನ ಓಣ್ಯಾಗ ಹುಟ್ಟಿದವರದ ಹೋಗೇತಿ. ಹೊರಗಿಂದ ಬಂದವರದ ಉಳದೈತಿ."

"ಮತ್ತ ಪರೀಕ್ಷೆ? ಪ್ರತಿ ತಿಂಗಳಾ ಪಾಸಾಗ್ಯಾಳಲ್ಲ!"

ದಾನವ್ವ ಈಗ ತಿರುಗಿದಳು. ಗಂಗಾಂಬಿಕಾಳ ಮುಖ ನೋಡಿದ್ದೇ ತಡ, ತುಟಿ ಓದುವ ಅಗತ್ಯವೂ ಬೀಳಲಿಲ್ಲ.

"ಆ ಹಸೀನಾ ಭಾಳ ಬೆರಕಿ ಇಲ್ಲವಾ, ಪಾಪ," ಎಂದಳು ಹಿಟ್ಟಿನ ಕೈ ಒರೆಸುತ್ತ. "ಗುಂಡಿ ಒತ್ತೂ ಮುಂದ ಹೆಗಲ ಎತ್ತತಾಳ. ದೊಡ್ಡ ಸಪ್ಪಳಕ್ಕ ಹುಬ್ಬ ಮ್ಯಾಲ. ಸಣ್ಣ ಸಪ್ಪಳಕ್ಕ ಕಣ್ಣ ಸಣ್ಣ ಮಾಡತಾಳ, ಮುದುಕ್ಯಾರಿಗೆ ಕೇಳಸತೈತ್ಯೋ ಇಲ್ಲೋ ಅಂತ ಕಾಳಜಿ ಆಕಿಗೆ. ಮಗ್ಗದ ಮುಂದ ಹುಟ್ಟಿದವರಿಗೆ ಅಷ್ಟ ಸಾಲದೇನು?"

"ಯಾಕ ಚಿಗವ್ವ? ಯಾಕ ಹಿಂಗ ಮಾಡಿದಿ?"

"ಯಾಕ ಅಂತ ನನ್ನ ಕೇಳತೀ? ಕಿವಿ ಬಿದ್ರ ಗುಳಗಿ ನಿಲ್ಲಸ್ತೀನಿ ಅಂತ ಕಟ್ಟಿ ಮ್ಯಾಲ ನಿಂತ ಹೇಳಿದಾಕಿ ನೀನಲ್ಲೇನು? ನನ್ನ ಮಗಳ ಪಾಳಿ ನನ್ನ ಹಿಂದ ಇಟ್ಟಾಕಿ ನೀನಲ್ಲೇನು? ಈ ಓಣ್ಯಾಗ ಎಲ್ಲಾರ ಹಿಂದೂ ಒಂದೊಂದು ಕೂಸ ನಿಂತಾವು. ನಾವು ಫೇಲ್ ಆಗಿ ಏನ ಮಾಡೂದಿತ್ತು? ಕಿವಿ ಹೋದ್ರ ಹೋತು. ಇಷ್ಟ ವರ್ಷ ನಿಮ್ಮ ಕಾಕಾನ ಮಾತ ಕೇಳಿ ಏನ ಗಂಟ ಗಳಿಸೀನಿ?"

ಮುರಿಗೆಪ್ಪ ಈ ಸಲ ನಗಲಿಲ್ಲ.

"ಸುಮಂಗಲಾಗ ಗೊತ್ತೈತೇನು?"

ದಾನವ್ವ ಎದ್ದು ಬಂದು ಗಂಗಾಂಬಿಕಾಳ ಬಾಯಿಯ ಮೇಲೆ ಕೈ ಇಟ್ಟಳು. ಕೈಯಲ್ಲಿ ಜೋಳದ ಹಿಟ್ಟಿನ ವಾಸನೆ. "ಹೇಳಬ್ಯಾಡ. ಆಕೀ ಜೀವ ಎಲ್ಲಾ ಕಿವ್ಯಾಗ ಐತಿ. ಹೇಳಿದ್ರ ಗುಳಗಿ ಮುಟ್ಟೂದಿಲ್ಲ. ಮೊದಲ ಬದುಕಲಿ. ಆಮ್ಯಾಲ ನನ್ನ ಬೈಲಿ. ನನಗೇನ ಕೇಳತೈತೇನು?"

ಗುಳಿಗೆಯ ಪೆಟ್ಟಿಗೆ ಬಿಚ್ಚದೆ ಗಂಗಾಂಬಿಕಾ ಧಾರವಾಡದ ಬಸ್ಸು ಹತ್ತಿದಳು. ಪೆಟ್ಟಿಗೆಯ ಬೀಗ ಕೆಟ್ಟಿದೆ ಎಂದು ಸುಮಂಗಲಾಳಿಗೆ ಸುಳ್ಳು ಹೇಳಿದ್ದಳು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಲೋಕಾಪುರದ ತನಕ ಒಂದೇ ಯೋಚನೆ: ಏನನ್ನೂ ನೋಡಿಲ್ಲ ಎಂದುಕೊಂಡರೆ? ಕಾಗದದ ಮೇಲೆ ಎಲ್ಲರ ಕಿವಿಯೂ ಚೆನ್ನಾಗಿದೆ. ಊರು ಕೂಡ ಅದನ್ನೇ ಬಯಸುತ್ತಿದೆ. ಸುಮ್ಮನಿದ್ದರೆ ಸುಮಂಗಲಾ ಬದುಕುತ್ತಾಳೆ. ಪಾಪ ಮಾಡಲು ಇಷ್ಟು ಜನ ಸೇರಿ ದಾರಿ ಹಾಸಿಕೊಡುವುದು ಅಪರೂಪ. ಲೋಕಾಪುರದಲ್ಲಿ ಬಸ್ಸು ನಿಂತಾಗ ಪಕ್ಕದ ಸೀಟಿನವ ಶೇಂಗಾ ಕೊಟ್ಟ. ಆಕೆ ತೆಗೆದುಕೊಂಡು ಸಿಪ್ಪೆಯನ್ನೇ ತಿಂದಳು.

ಕೇಂದ್ರಕ್ಕೆ ಹೋದವಳೇ ತನ್ನ ಬೆರಳಿಗೆ ಸೂಜಿ ಚುಚ್ಚಿಕೊಂಡಳು.

ಮನುಷ್ಯನ ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಎಂಬುದೊಂದು ಇದೆ. ನಮಗೆ ಬೇಕಾದ ಶಕ್ತಿ ತಯಾರಾಗುವುದು ಅಲ್ಲಿ. ಅದು ಒಂದಾನೊಂದು ಕಾಲದಲ್ಲಿ ಸ್ವತಂತ್ರ ಸೂಕ್ಷ್ಮಜೀವಿಯಾಗಿತ್ತು. ಬಾಡಿಗೆಗೆಂದು ಒಳಗೆ ಬಂದು ಮನೆಯವನೇ ಆಗಿಬಿಟ್ಟಿತು. ಬರುವಾಗ ತನ್ನ ಮಗ್ಗವನ್ನೂ ತಂದಿತ್ತು. ಆ ಮಗ್ಗದ ಆರ್‌ಎನ್‌ಎ ನೋಡಲು ರೋಗಾಣುವಿನದರ ದಾಯಾದಿ. ಸಂದಿ ಮಾತ್ರ ತುಸು ಬೇರೆ. ಆ ತುಸು ವ್ಯತ್ಯಾಸದಿಂದಲೇ ಗುಳಿಗೆ ರೋಗಾಣುವನ್ನು ಕೊಂದು ಮನುಷ್ಯನನ್ನು ಬಿಡುವುದು. ಗಂಗಾಂಬಿಕಾ ತನ್ನ ಅಣುವನ್ನು ಮನುಷ್ಯನ ಆರ್‌ಎನ್‌ಎ ಮೇಲೆ ಸಾವಿರ ಸಲ ಪರೀಕ್ಷಿಸಿದ್ದಳು. ಆದರೆ ಆ ಮನುಷ್ಯ ಯಾರೋ. ದೂರದೇಶದ ಯಾರದೋ ರಕ್ತದಿಂದ ತೆಗೆದು ಎಲ್ಲ ಪ್ರಯೋಗಾಲಯಗಳಿಗೂ ಹಂಚಿದ ಮಾದರಿ ಅದು.

ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುತ್ತದೆ. ನಿಂಬೆವ್ವನ ಓಣಿಯಲ್ಲಿ ಹೆಣ್ಣುಮಕ್ಕಳನ್ನು ಹೊರಗೆ ಕೊಡುವ ಪದ್ಧತಿ ಇಲ್ಲ. ಅವರ ಕೈ ನೇಯ್ಗೆಗೆ ಬಲು ಹದ, ಬಿಟ್ಟುಕೊಟ್ಟರೆ ಮಗ್ಗಕ್ಕೆ ನಷ್ಟ. ಅದಕ್ಕೇ ಅಳಿಯಂದಿರನ್ನು ತರಿಸಿಕೊಳ್ಳುತ್ತಾರೆ. ಹೀಗೆ ಮುತ್ತಜ್ಜಿಯ ಮುತ್ತಜ್ಜಿ ನಿಂಬೆವ್ವನ ಬಳ್ಳಿ ಒಂದೇ ಓಣಿಯಲ್ಲಿ ಹಬ್ಬಿ ಕೂತಿತ್ತು.

ಪರದೆಯ ಮೇಲೆ ಗಂಗಾಂಬಿಕಾಳ ಸ್ವಂತ ಆರ್‌ಎನ್‌ಎ ಎಳೆ ಬಿಚ್ಚಿಕೊಂಡು, ಮಡಚಿಕೊಂಡು, ಮಗ್ಗವಾಗಿ ನಿಂತಿತು. ಎಲ್ಲರಲ್ಲೂ ಇರುವ ಒಂದು ಅಕ್ಷರದ ಜಾಗದಲ್ಲಿ ಇಲ್ಲಿ ಬೇರೊಂದು ಅಕ್ಷರ. ಒಂದೇ ಒಂದು. ಅದರಿಂದ ಮಡಿಕೆ ಚೂರು ಬಿಗಿದು, ಸಂದಿಯ ಆಕಾರ ಥೇಟು ರೋಗಾಣುವಿನದೇ ಆಗಿತ್ತು. ಆಕೆ ತಾನು ಕಟ್ಟಿದ ಪುಟ್ಟ ಅಣುವನ್ನು ಹತ್ತಿರ ಬಿಟ್ಟಳು. ಅದು ಬಾಗಿಲು ಕೂಡ ಬಡಿಯಲಿಲ್ಲ. ಮನೆ ಅಳಿಯನ ಹಾಗೆ ಸೀದಾ ಒಳಗೆ ಹೋಗಿ ಕೂತಿತು.

"ಕಿವಿಯೊಳಗಿನ ಕೂದಲ ಕೋಶಗಳಿಗೆ ಹಸಿವು ಭಾಳ," ಎಂದರು ಹಿಂದೆ ನಿಂತಿದ್ದ ಗಲಗಲಿ, ಮೆಲ್ಲಗೆ. ಅಂದು ಅವರು ಚಹಾಕ್ಕೆ ಕಾಯಲಿಲ್ಲ. "ಶಕ್ತಿ ನಿಂತರ ಮೊದಲ ಸಾಯೋವು ಅವ."

"ನನ್ನ ರಕ್ತ ನನ್ನ ಮೈಯಾಗ ಇತ್ತು ಸರ. ಒಂದ ಹನಿ ಹಾಕಿ ನೋಡಬಹುದಿತ್ತು. ಸಾವಿರ ಸಲ ಯಾರೋ ಪುಣ್ಯಾತ್ಮನ್ನ ನೋಡಿದೆ. ನಮ್ಮವರು ಮನಷ್ಯಾರು ಅನ್ನೂದ ಮರತಿದ್ದೆ."

ಗಲಗಲಿ ಸಮಾಧಾನ ಹೇಳಲಿಲ್ಲ. ಅದು ಅವರ ದೊಡ್ಡ ಗುಣ. "ಬರದು ಕಳಸಿದರ ಮ್ಯಾಲಿನ ಸಮಿತಿ ಎಲ್ಲಾ ನಿಲ್ಲಸ್ತದ. ಹೊಸ ಅಣು ಕಟ್ಟಬಹುದು. ಈ ಕಡೆ ಅದರ ಒಂದ ತೋಳು ಕತ್ತರಿಸಿದರ ನಿಮ್ಮ ಸಂದ್ಯಾಗ ಕೂಡೂದಿಲ್ಲ. ಒಂದೂವರಿ ವರ್ಷ ಬೇಕು. ನಿಮ್ಮ ತಂಗಿಗೆ ಅಷ್ಟ ವ್ಯಾಳ್ಯಾ ಅದ ಏನು?"

"ಇಲ್ಲ."

"ಬರೀದಿದ್ದರ?"

"ಆಕೀಗೆ ಗೊತ್ತಿಲ್ಲದಂಗ ಆಕೀ ಕಿವಿ ನಾ ತಗದಂಗ ಆಗತೈತಿ."

ಬರೆದಳು. ಬಳ್ಳಿಗೆ ಸೇರದವರಿಗೆ ಗುಳಿಗೆ ಮುಂದುವರಿಸಬೇಕು. ಒಂದು ಹನಿ ರಕ್ತದಲ್ಲಿ ಆ ಅಕ್ಷರ ತಿಳಿಯುತ್ತದೆ. ಬಳ್ಳಿಯವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಬೇಕೋ ಬೇಡವೋ ಅವರೇ ಹೇಳಬೇಕು. ತಪ್ಪು ಯಾರದು ಎಂಬ ಕಡೆ ತನ್ನೊಬ್ಬಳ ಹೆಸರು ಬರೆದಳು. ಹಸೀನಾಳ ಹುಬ್ಬಿನ ವಿಷಯ ಬರೆಯಲಿಲ್ಲ. ಪರೀಕ್ಷೆಯನ್ನು ಹಾಗೆ ಏರ್ಪಡಿಸಿದವಳು ತಾನು ಎಂದಷ್ಟೇ ಬರೆದಳು.

ಸಮಿತಿ ಮೊದಲು ಸಮಿತಿಗಳು ಮಾಡುವ ಕೆಲಸವನ್ನೇ ಮಾಡಿತು: ಎಲ್ಲವನ್ನೂ ನಿಲ್ಲಿಸಿತು. ಆಮೇಲೆ ಯೋಚಿಸಲು ಕೂತಿತು. ಅದು ಯೋಚಿಸುತ್ತಿದ್ದಷ್ಟು ಕಾಲ ಬಣಗಾರಹಟ್ಟಿಯಲ್ಲಿ ಗುಳಿಗೆ ಇರಲಿಲ್ಲ. ಮಸಣದ ದಾರಿಯ ಹುಲ್ಲು ಮತ್ತೆ ಸವೆಯಿತು. ಸುಮಂಗಲಾಳ ಕೆಮ್ಮಿನಲ್ಲಿ ರಕ್ತ ಬಂತು. ಆ ದಿನಗಳಲ್ಲಿ ಗಂಗಾಂಬಿಕಾ ಒಮ್ಮೆ ಮನೆಗೆ ಹೋದಾಗ ದಾನವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಆ ಊರಿನಲ್ಲಿ ಮಾತು ಬಿಡುವುದೆಂದರೆ ಅದು. ಗಂಗಾಂಬಿಕಾ ತಂದ ಹಣ್ಣುಗಳನ್ನು ಮುರಿಗೆಪ್ಪ ತೆಗೆದುಕೊಂಡು ಗೋಡೆಯ ಮಾಡದಲ್ಲಿ ಇಟ್ಟ. ಮುಂದಿನ ಸಲ ಬಂದಾಗಲೂ ಅವು ಅಲ್ಲೇ ಇದ್ದವು, ಕೊಳೆತು.

ಕೊನೆಗೆ ಸಮಿತಿ ಒಪ್ಪಿತು. ಪತ್ರದ ಭಾಷೆ ಎಷ್ಟು ಒಣಗಿತ್ತೆಂದರೆ ಬೆಂಕಿ ಕಡ್ಡಿ ಹತ್ತಿರ ತರುವ ಹಾಗಿರಲಿಲ್ಲ. ಅರ್ಥ ಇಷ್ಟು: ಬಳ್ಳಿಯವರು ತಿಳಿದು ಒಪ್ಪಿದರೆ ಕೊಡಬಹುದು.

ಸುಮಂಗಲಾ ಮಗ್ಗದ ಶೆಡ್ಡಿನಲ್ಲಿದ್ದಳು. ಕೆಲಸ ಮಾಡುವ ಶಕ್ತಿ ಇರಲಿಲ್ಲ. ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಯಾವ ಮಗ್ಗ ಕೆಡುತ್ತಿದೆ ಎಂದು ಬೆರಳಿನಲ್ಲಿ ತೋರಿ ಬೇರೆಯವರಿಂದ ಸರಿಮಾಡಿಸುತ್ತಿದ್ದಳು. ಗಂಗಾಂಬಿಕಾ ಎದುರು ಹೋಗಿ ಕೈಯಿಂದ ಹೇಳಲು ತೊಡಗಿದಳು. ಗದ್ದಲದಲ್ಲಿ ಬೇರೆ ದಾರಿ ಇರಲಿಲ್ಲ. ನಿಜ ಹೇಳಬೇಕೆಂದರೆ, ಕೈಯಿಂದ ಹೇಳುವುದು ಸುಲಭವೂ ಆಗಿತ್ತು. ಕೈ ನಡುಗಿದರೆ ಯಾರೂ ಅಳು ಎನ್ನುವುದಿಲ್ಲ.

ಸುಮಂಗಲಾ ಪೂರ್ತಿ ನೋಡಿದಳು. ಎದ್ದು ಹೋಗಿ ಶೆಡ್ಡಿನ ಮೇನ್ ಸ್ವಿಚ್ ಇಳಿಸಿದಳು. ನಲವತ್ತು ಮಗ್ಗ ನಿಂತವು. ನೇಕಾರರು ಹೊರಗೆ ನಡೆದರು, ಅವರಿಗೆ ಹೇಳಬೇಕಾಗಲಿಲ್ಲ.

"ನಮ್ಮವ್ವಗ ಗೊತ್ತಿತ್ತು?" ಎಂದಳು ಸುಮಂಗಲಾ.

"ಹೂಂ."

"ಅಪ್ಪಗ?"

"ಹೂಂ."

"ಓಣಿಗೆಲ್ಲಾ ಗೊತ್ತಿತ್ತು. ನನ್ನ ಬೆನ್ನಹಿಂದ ಎಲ್ಲಾರೂ ಕೈ ಆಡಿಸಿಕೋತ ಅಡ್ಡಾಡ್ಯಾರ. ಮಗ್ಗಕ್ಕ ಜ್ವರ ಬಂದ್ರ ತಿಳಕೊಳ್ಳಾಕಿ ನಾ. ಮನ್ಯಾಗ ಅವ್ವ ಕಿವುಡಿ ಆಗಿದ್ದು ತಿಳೀಲಿಲ್ಲ ನನಗ." ಕೆಮ್ಮಿದಳು. ಬಹಳ ಹೊತ್ತು ಕೆಮ್ಮಿದಳು. ಗಂಗಾಂಬಿಕಾ ಬೆನ್ನು ಸವರಲು ಹೋದಾಗ ಕೈ ತಳ್ಳಿದಳು. "ಇದನ್ನ ತಿಂದ್ರ ಬದುಕತೀನಿ?"

"ಬದುಕತಿ."

"ಕಿವಿ?"

"ಹೋಗತಾವು. ಒಬ್ಬೊಬ್ಬರಿಗೆ ಲಗೂನ, ಒಬ್ಬೊಬ್ಬರಿಗೆ ತಡ ಆಗಿ. ಕೋರ್ಸು ಮುಗಿಯೂತನಕ ಉಳದ್ರ ನಿನ್ನ ದೈವ. ಹೋದದ್ದು ಹೊಳ್ಳಿ ಬರೂದಿಲ್ಲ."

ಸುಮಂಗಲಾ ಒಂದು ಮಗ್ಗದ ಮೇಲೆ ಅಂಗೈ ಇಟ್ಟು ನಿಂತಳು. ನಿಂತ ಮಗ್ಗ, ಅದರಲ್ಲಿ ತಿಳಿಯುವಂಥದ್ದೇನೂ ಇರಲಿಲ್ಲ.

"ಕೊಡು," ಎಂದಳು. "ಆದ್ರ ಮೊದಲ ನೀ ಮಾಡಿದ್ದು ಬಾಯಿಬಿಟ್ಟು ಹೇಳು. ಕೈಲೆ ಬ್ಯಾಡ. ನಮ್ಮವ್ವಗ ನೀ ಹೇಳಿದರ ಕೇಳಸೂದಿಲ್ಲ. ನನಗ ಇನ್ನೂ ಕೇಳಸತೈತಿ."

ಗೋಡೆಯ ಕಡೆ ಮುಖ ಮಾಡಿ, ಅಕ್ಕನಿಗೆ ಬೆನ್ನು ಕೊಟ್ಟು ನಿಂತಳು. ತುಟಿ ಕಾಣಬಾರದು, ಮುಖ ಕಾಣಬಾರದು, ಹುಬ್ಬು ಹೆಗಲು ಯಾವುದೂ ಕಾಣಬಾರದು. ಆ ಊರಿನಲ್ಲಿ ಮೋಸವಿಲ್ಲದೆ ನಡೆದ ಮೊದಲ ಕಿವಿ ಪರೀಕ್ಷೆ ಅದು.

ಗಂಗಾಂಬಿಕಾ ಆ ಬೆನ್ನಿಗೆ ಬಾಯಿಬಿಟ್ಟು ಹೇಳಿದಳು.

"ನೋಡಬೇಕಾದದ್ದು ನೋಡಲಿಲ್ಲ ನಾ. ನಿನ್ನ ಕಿವಿ ನಾ ತಗದೆ."

"ಕೇಳಸ್ತು," ಎಂದಳು ಸುಮಂಗಲಾ. ತಿರುಗಿ ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. "ನಾಳೆನೂ ಬಾ. ಹಿಂಗ ಬಂದು ಹೇಳು. ನನಗ ಕೇಳಸೂತನಕ ದಿನಾ ಹೇಳಬೇಕು ನೀ."

ಗಂಗಾಂಬಿಕಾ ಧಾರವಾಡದ ಕೆಲಸಕ್ಕೆ ರಜೆ ಹಾಕಿ ಜಮಖಂಡಿಯಲ್ಲಿ ಕೋಣೆ ಹಿಡಿದಳು. ಹೊಸ ಅಣುವಿನ ತೋಳು ಕತ್ತರಿಸುವ ಲೆಕ್ಕವನ್ನು ಅಲ್ಲಿಂದಲೇ ಮಾಡಿ ಗಲಗಲಿಯವರಿಗೆ ಕಳಿಸುತ್ತಿದ್ದಳು. ದಿನಾ ಮುಂಜಾನೆಯ ಬಸ್ಸಿಗೆ ಬಣಗಾರಹಟ್ಟಿ. ಶೆಡ್ಡಿನ ಸ್ವಿಚ್ ಇಳಿಯುತ್ತಿತ್ತು. ಬೆನ್ನು ತಿರುಗುತ್ತಿತ್ತು. ಗಂಗಾಂಬಿಕಾ ಅದೇ ಮಾತು ಹೇಳುತ್ತಿದ್ದಳು. ಹೇಳಿ ಹೇಳಿ ಹಗುರಾಗುತ್ತದೆ ಎಂದು ಯಾರೋ ಬಲ್ಲವರು ಹೇಳಿದ್ದರು. ಅವರು ದಿನಾ ಹೇಳಿ ನೋಡಿದವರಿರಲಿಕ್ಕಿಲ್ಲ. "ಕೇಳಸ್ತು" ಎಂಬ ಒಂದು ಮಾತಿಗಾಗಿ ಆಕೆ ಕಾಯುತ್ತಿದ್ದಳು. ಕೇಳಿದ ಮೇಲೆ ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆದುಕೊಳ್ಳುತ್ತಿದ್ದಳು. ನೇಕಾರರು ಮೊದಮೊದಲು ಆಕೆಯ ಕಡೆ ನೋಡುತ್ತಿರಲಿಲ್ಲ. ಆಮೇಲೆ ಒಬ್ಬ ಎರಡು ಬೆರಳು ತುಟಿಗೆ ಮುಟ್ಟಿಸಿ ಚಹಾ ಕೊಡತೊಡಗಿದ. ದಾನವ್ವನ ಕೈ ಮಾತ್ರ ಸೆರಗಿನಿಂದ ಹೊರಗೆ ಬರಲಿಲ್ಲ.

ರಕ್ತ ನಿಂತಿತು. ಕೆಮ್ಮು ನಿಂತಿತು. ಸುಮಂಗಲಾಳ ಗಲ್ಲ ತುಂಬಿಕೊಂಡಿತು. ಪಾನಾ ಎತ್ತಿದಳು, ಉಸಿರು ಸಿಕ್ಕಿತು. ಕಫದ ಪರೀಕ್ಷೆಯಲ್ಲಿ ರೋಗಾಣು ಇಲ್ಲವೆಂದು ಬಂತು. ಇನ್ನು ಸ್ವಲ್ಪವೇ ಗುಳಿಗೆ ಉಳಿದಿದ್ದವು. ಗಂಗಾಂಬಿಕಾ ಬಸ್ಸಿನಲ್ಲಿ ಬರುವಾಗ ಅಷ್ಟಿಷ್ಟು ಆಸೆ ಪಡತೊಡಗಿದಳು. ಆಸೆ ಪಟ್ಟದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಆವತ್ತು ಮೋಡ ಮುಸುಕಿತ್ತು. ಸುಮಂಗಲಾ ಎಣ್ಣೆಯ ಕೈಯನ್ನು ಚಿಂದಿಗೆ ಒರೆಸುತ್ತ, ಹೊಸ ಬೋಲ್ಟು ಹಾಕಿದ ಮಗ್ಗದ ಬಗ್ಗೆ ಏನೋ ತಮಾಷೆ ಮಾಡುತ್ತ ಬಂದು ಸ್ವಿಚ್ ಇಳಿಸಿದಳು. ಗೋಡೆಗೆ ಮುಖ ಮಾಡಿ ನಿಂತಳು.

"ನೋಡಬೇಕಾದದ್ದು ನೋಡಲಿಲ್ಲ ನಾ," ಎಂದಳು ಗಂಗಾಂಬಿಕಾ. "ನಿನ್ನ ಕಿವಿ ನಾ ತಗದೆ."

ಹೊರಗೆ ಯಾರದೋ ಸೈಕಲ್ಲಿನ ಗಂಟೆ ಟ್ರಿಣ್ ಎಂದಿತು. ಸುಮಂಗಲಾ ಚಿಂದಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಗುಳಿಗೆಗಾಗಿ ಅಂಗೈಯನ್ನು ಹಿಂದಕ್ಕೆ ಚಾಚಿ, ತಾಳ್ಮೆಯಿಂದ, ಗೋಡೆ ನೋಡುತ್ತ ನಿಂತೇ ಇದ್ದಳು.

"ಹೇಳಕ್ಕಾ," ಎಂದಳು ಕೊನೆಗೆ, ಮಗ್ಗಗಳು ನಡೆಯುತ್ತಿದ್ದಾಗ ಮಾತಾಡುವಷ್ಟು ಎತ್ತರದ ದನಿಯಲ್ಲಿ. "ಇವತ್ತ್ಯಾಕ ಸುಮ್ಮ ನಿಂತಿ?"